ದಕ್ಷಿಣ ಆಫ್ರಿಕಾದ ಕಪ್ಪು ಜನರ ವಿಮೋಚನಾ ಹೋರಾಟದಲ್ಲಿ ಸಿಸುಲು ಕುಟುಂಬದ ಪಾತ್ರವೇನು?

1949ರಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿಯಾದ ವಾಲ್ಟರ್ ಸಿಸುಲು, ನೆಲ್ಸನ್ ಮಂಡೇಲಾ ಅವರನ್ನು ಚಳವಳಿಗೆ ಕರೆತಂದವರು. ಮಂಡೇಲಾ ಮತ್ತಿತರ ನಾಯಕರ ಮೇಲೆ ಸರ್ಕಾರ ಹೂಡಿದ ರಿವೋನಿಯಾ ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿ 1989ರವರೆಗೆ ಸೆರೆಯಲ್ಲಿದ್ದರು. ಆದರೆ ಈ ಕುಟುಂಬದ ಹೆಚ್ಚಿನ ಭಾರ ಹೊತ್ತವರು ಅವರ ಪತ್ನಿ ಆಲ್ಬರ್ಟಿನಾ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಪ್ಪು ಜನರು ಸದಾ ಗುರುತಿನ ಪಾಸ್ ಹೊತ್ತಿರಬೇಕೆನ್ನುವ ಪಾಸ್ ಕಾನೂನಿನ ವಿರುದ್ಧ 1956ರಲ್ಲಿ ಪ್ರಿಟೋರಿಯಾಕ್ಕೆ ನಡೆದ ಮಹಿಳೆಯರ ಮೆರವಣಿಗೆಯಲ್ಲಿ ಪಾಲ್ಗೊಂಡಿದ್ದ ಅವರು, ಗಂಡ ಜೈಲಿನಲ್ಲಿದ್ದಷ್ಟು ಕಾಲವೂ ದಾದಿಯ ಸಂಬಳದಲ್ಲಿ ಜೋಹಾನ್ಸ್‌ಬರ್ಗ್ ಬಳಿಯ ಕಪ್ಪು ಜನರ ಬಡಾವಣೆ ಸೊವೆಟೋದ ಪುಟ್ಟ ಮನೆಯೊಂದರಲ್ಲಿ ತಮ್ಮ ಐವರು ಮಕ್ಕಳೊಂದಿಗೆ ಬಂಧುಗಳ ಮಕ್ಕಳನ್ನೂ ಸಾಕುತ್ತಾ, ಪದೇ ಪದೇ ಬಂಧನ ಮತ್ತು ನಿರ್ಬಂಧಗಳನ್ನು ಎದುರಿಸಿದರು. 1983ರಲ್ಲಿ ವರ್ಣಭೇದ ವಿರೋಧಿ ಸಂಘಟನೆಗಳ ಒಕ್ಕೂಟವಾದ ಯುನೈಟೆಡ್ ಡೆಮಾಕ್ರಟಿಕ್ ಫ್ರಂಟ್ ಅವರನ್ನು ತನ್ನ ಅಧ್ಯಕ್ಷರಲ್ಲೊಬ್ಬರನ್ನಾಗಿ ಆರಿಸಿದಾಗ ಅವರು ಸೆರೆಮನೆಯಲ್ಲೇ ಇದ್ದರು. ಮಗ ಮ್ಯಾಕ್ಸ್ 1963ರಲ್ಲಿ, ಇನ್ನೂ 17ರ ಹರೆಯದಲ್ಲೇ ಬಂಧನಕ್ಕೊಳಗಾಗಿ ಬಳಿಕ ದೇಶಾಂತರ ಹೋದರು; ಪತ್ರಕರ್ತರಾಗಿದ್ದ ಇನ್ನೊಬ್ಬ ಮಗ ಝ್ವೆಲಾಕೆ ಅವರನ್ನು 1986ರಿಂದ ಸುಮಾರು ಎರಡು ವರ್ಷ ವಿಚಾರಣೆಯಿಲ್ಲದೆ ಕೂಡಿಹಾಕಲಾಗಿತ್ತು.