ಓದುಗರ ಪ್ರಶ್ನೆ: ಹೊಗೆಗೂಡುಗಳಷ್ಟೇ ಉಳಿದ ಊರು

ಪ್ರಶ್ನೆ: ಖತೀನ್ ಹತ್ಯಾಕಾಂಡ ನಡೆಸಿದ್ದು ಜರ್ಮನ್ನರು ಎಂದು ಒಂದು ಕಡೆ, ಸೋವಿಯತ್ ಪೊಲೀಸರು ಎಂದು ಇನ್ನೊಂದು ಕಡೆ ಓದಿದೆ. ಯಾವುದು ನಿಜ?
– ಓದುಗರೊಬ್ಬರು, ತಿಪಟೂರು

ಉತ್ತರ: ನೀವು ಓದಿರುವುದು ಎರಡು ಬೇರೆ ಜಾಗಗಳ ಸಂಗತಿ. ಕತೀನ್ ಇರುವುದು ರಷ್ಯಾದ ಸ್ಮೊಲೆನ್ಸ್ಕ್ ಬಳಿ. 1940ರಲ್ಲಿ ಸೋವಿಯತ್ ಗುಪ್ತ ಪೊಲೀಸರು ಪೋಲೆಂಡಿನ ಸೆರೆಯಾಳು ಅಧಿಕಾರಿಗಳನ್ನು ಕೊಂದದ್ದು ಅಲ್ಲಿಯ ಕಾಡಿನಲ್ಲಿ. ಖತೀನ್ ಬೆಲಾರೂಸಿನದು, ಮಿನ್ಸ್ಕ್‌ನಿಂದ ಸುಮಾರು 54 ಕಿ.ಮೀ. ದೂರದಲ್ಲಿದ್ದ 26 ಮನೆಗಳ ಹಳ್ಳಿ. ಇರುವುದು ಒಂದು ಮಹಾಪ್ರಾಣದ ವ್ಯತ್ಯಾಸ. ಅಚ್ಚಿನಲ್ಲಿ ಅದು ತಪ್ಪಿದರೆ ಕೊಂದವರೂ ಸತ್ತವರೂ ಬದಲಾಗಿಬಿಡುತ್ತಾರೆ. ಗೊಂದಲ ಹುಟ್ಟಿಸಲೆಂದೇ ಸೋವಿಯತ್ ಸರ್ಕಾರ ಈ ಊರನ್ನು ಸ್ಮಾರಕಕ್ಕೆ ಆರಿಸಿತು ಎಂಬ ಗುಮಾನಿ ಹಳೆಯದು. ಅದನ್ನು ಗುಮಾನಿಯಾಗಿಯೇ ಇಟ್ಟುಕೊಳ್ಳಿ.

ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ಬೆಲಾರೂಸ್ ಜರ್ಮನ್ನರ ವಶದಲ್ಲಿತ್ತು. 1943ರ ಮಾರ್ಚ್ 22ರ ಬೆಳಿಗ್ಗೆ ಖತೀನ್ ಬಳಿ, ಅವರ ವಿರುದ್ಧ ಹೋರಾಡುತ್ತಿದ್ದ ಗೆರಿಲ್ಲಾಗಳ ಗುಂಡಿಗೆ ಜರ್ಮನ್ನರ ಪೊಲೀಸ್ ಪಡೆಯ ಕೆಲವರು ಸತ್ತರು. ಅವರಲ್ಲಿ 1936ರ ಬರ್ಲಿನ್ ಒಲಿಂಪಿಕ್ಸ್‌ನ ಗುಂಡು ಎಸೆತದಲ್ಲಿ ಚಿನ್ನ ಗೆದ್ದಿದ್ದ ಹಾನ್ಸ್ ವೋಲ್ಕೆಯೂ ಇದ್ದ. ಅದೇ ದಿನ ಸೇಡಿಗೆಂದು ಊರವರನ್ನೆಲ್ಲ ಒಂದು ಮರದ ಕೊಟ್ಟಿಗೆಗೆ ತುಂಬಿ ಬೆಂಕಿ ಹಚ್ಚಿದರು, ಬಾಗಿಲು ಮುರಿದು ಹೊರಬಂದವರಿಗೆ ಗುಂಡು ಹಾರಿಸಿದರು. ಸತ್ತವರು 149 ಮಂದಿ, ಅವರಲ್ಲಿ 75 ಮಕ್ಕಳು. ‘ಜರ್ಮನ್ನರು’ ಎಂದಷ್ಟೇ ಹೇಳಿದರೂ ಮಾತು ಪೂರ್ತಿಯಾಗದು. ಡಿರ್ಲೆವಾಂಗರ್ ಎಂಬ ಅಧಿಕಾರಿಯ ನಾಜಿ ಎಸ್‌ಎಸ್ ಪಡೆಯ ಜೊತೆಗಿದ್ದದ್ದು ಜರ್ಮನ್ನರು ಕಟ್ಟಿದ್ದ 118ನೇ ಪೊಲೀಸ್ ಬೆಟಾಲಿಯನ್. ಅದರಲ್ಲಿ ಉಕ್ರೇನಿನಿಂದ ಸೇರಿಸಿಕೊಂಡವರು ಬಹಳ ಇದ್ದರು. ಅದರ ಅಧಿಕಾರಿ ಗ್ರಿಗೋರಿ ವಸ್ಯೂರನಿಗೆ ಮರಣದಂಡನೆ ವಿಧಿಸಿದ್ದು 1986ರಲ್ಲಿ, ಅದೂ ಸದ್ದಿಲ್ಲದೆ.

ಪ್ರಶ್ನೆ: ಸ್ಮಾರಕದ ಚಿತ್ರಗಳಲ್ಲಿ ಬರೀ ಕಂಬಗಳೇ ಕಾಣುತ್ತವಲ್ಲ, ಅವೇನು?
– ಓದುಗರೊಬ್ಬರು, ಸಿರಸಿ

ಉತ್ತರ: ಅವು ಹೊಗೆಗೂಡುಗಳು. ನಮ್ಮ ಮಣ್ಣುಗೋಡೆಯ ಮನೆಗೆ ಬೆಂಕಿ ಬಿದ್ದರೆ ಮಾಡು ಹೋಗುತ್ತದೆ, ಗೋಡೆ ನಿಲ್ಲುತ್ತದೆ. ಅಲ್ಲಿ ಗೋಡೆಯೇ ಮರದ ದಿಮ್ಮಿ. ಸುಟ್ಟ ಮೇಲೆ ಉಳಿಯುವುದು ಇಟ್ಟಿಗೆಯ ಒಲೆ, ಅದರ ಹೊಗೆಗೂಡು, ಅಷ್ಟೇ. 1969ರಲ್ಲಿ ತೆರೆದ ಈ ಸ್ಮಾರಕವನ್ನು ರೂಪಿಸಿದ ಗ್ರಾದೋವ್, ಝಾಂಕೋವಿಚ್, ಲೆವಿನ್ ಹಿಡಿದದ್ದು ಈ ಎಳೆಯನ್ನೇ. ಪ್ರತಿ ಮನೆಯ ಜಾಗದಲ್ಲಿ ದಿಮ್ಮಿಗಳ ಮೊದಲ ಸುತ್ತನ್ನು ಮಾತ್ರ ಕಾಂಕ್ರೀಟಿನಲ್ಲಿ ಹಾಕಿದ್ದಾರೆ. ಮುಂದೆ ತೆರೆದೇ ಇರುವ ಗೇಟು, ಒಳಗೆ ಹೊಗೆಗೂಡಿನಂಥ ಕಂಬ, ಕಂಬದ ಮೇಲೆ ಆ ಮನೆಯವರ ಹೆಸರುಗಳ ಫಲಕ, ತುದಿಯಲ್ಲಿ ಗಂಟೆ. 30 ಸೆಕೆಂಡಿಗೊಮ್ಮೆ ಗಂಟೆಗಳು ಬಾರಿಸುತ್ತವೆ. ಒಂದು ಸದ್ದು ಅಡಗಿ, ಇನ್ನೇನು ಮರೆತೆವು ಅನ್ನುವಾಗ ಮತ್ತೊಂದು.

ಮೊದಲು ಎದುರಾಗುವುದು ಸೆಲಿಖಾನೋವ್ ಮಾಡಿದ 6 ಮೀಟರ್ ಎತ್ತರದ ಕಂಚಿನ ವಿಗ್ರಹ: ಸತ್ತ ಹುಡುಗನನ್ನು ಎರಡೂ ತೋಳಲ್ಲಿ ಹೊತ್ತು ನಿಂತ ಮುದುಕ. ಸುಟ್ಟಗಾಯಗಳೊಂದಿಗೆ ಬದುಕುಳಿದ ಊರ ಕಮ್ಮಾರ ಯೋಸಿಫ್ ಕಮಿನ್ಸ್ಕಿಯೇ ಅದಕ್ಕೆ ಆಧಾರ. ಅವನ ಮಗ ಆದಮ್ ಅವನ ತೋಳಲ್ಲೇ ಪ್ರಾಣಬಿಟ್ಟ.

ಪ್ರಶ್ನೆ: ಅಲ್ಲಿ 185 ಸಮಾಧಿಗಳಿವೆಯಂತೆ. ಸತ್ತವರು 149 ಅಲ್ಲವೆ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಅವು ಮನುಷ್ಯರ ಸಮಾಧಿಗಳಲ್ಲ, ಊರುಗಳವು. ಜನರ ಸಮೇತ ಸುಟ್ಟುಹೋಗಿ ಮತ್ತೆ ತಲೆಯೆತ್ತದ 185 ಹಳ್ಳಿಗಳಿಂದ ಹಿಡಿಮಣ್ಣು ತಂದು, ಊರಿನ ಹೆಸರು ಬರೆದು, ಕರಂಡಕದಲ್ಲಿ ಇಟ್ಟಿದ್ದಾರೆ. 186ನೆಯದು ಖತೀನೇ. ಸುಟ್ಟ ಮೇಲೂ ಪುನಃ ಕಟ್ಟಿಕೊಂಡ 433 ಊರುಗಳ ಹೆಸರು ಪಕ್ಕದಲ್ಲಿ ಮರದ ಆಕಾರದ ಶಿಲ್ಪಗಳ ಮೇಲಿವೆ. ಎರಡನ್ನೂ ಕಲಸಿ ಎಣಿಸಬೇಡಿ. ಆಚೆಗೊಂದು ಚೌಕವಿದೆ. ಮೂರು ಮೂಲೆಯಲ್ಲಿ ಬರ್ಚ್ ಮರ, ನಾಲ್ಕನೆಯದರಲ್ಲಿ ಉರಿವ ಜ್ವಾಲೆ. ಯುದ್ಧದಲ್ಲಿ ಬೆಲಾರೂಸಿನ ನಾಲ್ವರಲ್ಲಿ ಒಬ್ಬರು ಸತ್ತರೆಂಬ ಅಂದಿನ ಲೆಕ್ಕ ಅದು. ಈಗ ಅಲ್ಲಿ ಮೂವರಲ್ಲಿ ಒಬ್ಬರು ಎನ್ನುವವರೂ ಇದ್ದಾರೆ. ಮರಗಳು ಮಾತ್ರ ಮೂರೇ ಇವೆ.