ಶೆಡ್ ಆಮೇಲೆ, ಮೊದಲು ಮನೆ ಹುಡುಕಿ

ಪ್ರಶ್ನೆ: ನಮ್ಮದು ಹೆದ್ದಾರಿ ಪಕ್ಕದ ಊರು. ವಾಹನಕ್ಕೆ ಸಿಕ್ಕ ನಾಯಿ, ಕರುಗಳನ್ನು ನೋಡಿ ನೋಡಿ ಸಾಕಾಗಿದೆ. ಆರು ಜನ ಗೆಳೆಯರು ಸೇರಿ ರಕ್ಷಣೆಯ ಗುಂಪು ಕಟ್ಟಬೇಕೆಂದಿದ್ದೇವೆ. ಶೆಡ್‌ಗೆ ಜಾಗ ನೋಡುತ್ತಿದ್ದೇವೆ. ನೋಂದಣಿ ಮೊದಲೇ ಮಾಡಿಸಬೇಕೇ?
– ಓದುಗರೊಬ್ಬರು, ಭರಮಸಾಗರ

ಉತ್ತರ: ಜಾಗ ನೋಡುವುದನ್ನು ಸದ್ಯಕ್ಕೆ ಬಿಡಿ. ಶೆಡ್ ಇದೆ ಅಂತ ಗೊತ್ತಾದರೆ ಜನ ರಾತ್ರೋರಾತ್ರಿ ಮರಿಗಳನ್ನು ಡಬ್ಬದಲ್ಲಿ ತಂದು ಗೇಟಿನ ಮುಂದೆ ಇಟ್ಟು ಹೋಗುತ್ತಾರೆ. ಅದರಲ್ಲಿ ಒಂದಕ್ಕೆ ಪಾರ್ವೊ (ನಾಯಿಮರಿಗಳಿಗೆ ವಾಂತಿ-ಭೇದಿ ತರುವ ವೈರಸ್ ರೋಗ) ಇದ್ದರೆ ಲಸಿಕೆಯಾಗದ ಉಳಿದ ಮರಿಗಳಿಗೂ ತಗಲುತ್ತದೆ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದರ ಬದಲು, ಗಾಯ ಮಾಯುವ ತನಕ ಒಂದೊಂದು ಪ್ರಾಣಿಯನ್ನು ಇಟ್ಟುಕೊಳ್ಳುವ ಮನೆಗಳನ್ನು ಹುಡುಕಿ. ಹಿತ್ತಲೋ ಖಾಲಿ ಕೊಟ್ಟಿಗೆಯೋ ಇದ್ದರೆ ಸಾಕು. ದಾವಣಗೆರೆಯಲ್ಲಿ ನಮ್ಮ ಗುಂಪು ನಡೆಯುತ್ತಿರುವುದೇ ಇಂಥ ಮನೆಗಳಿಂದ. ಇವತ್ತಿಗೂ ನಮಗೆ ಶೆಡ್ ಇಲ್ಲ.

ಆರೂ ಜನ ಈಗಲೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಹಾಕಿಸಿಕೊಂಡ ಮೇಲೂ ನಾಯಿ ಕಚ್ಚಿದರೆ, ಪರಚಿದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. 'ನಂಗೇನೂ ಆಗಲ್ಲ' ಅನ್ನುವವರು ಎಷ್ಟೇ ಒಳ್ಳೆಯವರಾಗಿರಲಿ, ಅವರನ್ನು ಪ್ರಾಣಿ ಹಿಡಿಯಲು ಕಳಿಸಬೇಡಿ.

ಪಶುವೈದ್ಯರನ್ನು ಈಗಲೇ ಭೇಟಿ ಮಾಡಿ. ಯಾವ ಹೊತ್ತಿಗೆ ಸಿಗುತ್ತಾರೆ, ಯಾವ ಔಷಧ ನೀವೇ ತರಬೇಕು, ಮೂಳೆ ಮುರಿದರೆ ಎಲ್ಲಿಗೆ ಒಯ್ಯಬೇಕು, ಕೇಳಿ ಬರೆದಿಟ್ಟುಕೊಳ್ಳಿ. ದನ ಕುರಿಗಳಿಗಾದರೆ 1962ಕ್ಕೆ ಫೋನ್ ಮಾಡಿ, ಸರ್ಕಾರದ ಸಂಚಾರಿ ಚಿಕಿತ್ಸಾ ವಾಹನ ಇದೆ. ನವಿಲು, ಹಾವು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ, ಮನೆಯಲ್ಲಿಟ್ಟು ಸಾಕುವ ಹಾಗಿಲ್ಲ.

ದುಬಾರಿ ಸ್ಟ್ರೆಚರ್ ಬೇಡ. ನಮ್ಮ ಕಡೆ ಖಾಲಿ ಮಂಡಕ್ಕಿ ಚೀಲಕ್ಕೇನು ಬರವೇ? ಅದರಡಿ ಒಂದು ಹಲಗೆ ಇಟ್ಟು, ಬೆನ್ನು ಬಾಗದಂತೆ ನಾಯಿಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿ. ಕಾಲು ಹಿಡಿದು ಎತ್ತಬೇಡಿ. ಎಷ್ಟೇ ಸಾಧು ನಾಯಿಯಾದರೂ ನೋವಿಗೆ ಕಚ್ಚುತ್ತದೆ, ಹಾಗಾಗಿ ಬಾಯಿಗೆ ಬಟ್ಟೆಪಟ್ಟಿ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ ಮಾತ್ರ ಕಟ್ಟಬಾರದು. ಪ್ರಜ್ಞೆ ಇಲ್ಲದ ಪ್ರಾಣಿಯ ಬಾಯಿಗೆ ನೀರು ಬಿಡಬೇಡಿ. ಪಾಪ ಅಂತ ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ. ಬೆಕ್ಕಿಗಂತೂ ಅದು ವಿಷ.

ಇನ್ನು ನೋಂದಣಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ನಿಮ್ಮಲ್ಲಿ ಒಬ್ಬರು ಕಡಿಮೆ ಇದ್ದೀರಿ. ಅವಸರ ಇಲ್ಲ, ಗುಂಪಿನ ಹೆಸರಲ್ಲಿ ದೇಣಿಗೆ ಕೇಳುವ ಮೊದಲು ಮಾಡಿಸಿದರಾಯಿತು. ಏಳನೆಯವರಾಗಿ ಲೆಕ್ಕ ಬರೆಯುವ ತಾಳ್ಮೆ ಇರುವವರನ್ನು ಹುಡುಕಿ. ಪ್ರಾಣಿ ಹಿಡಿಯಲು ಬರದಿದ್ದರೂ ಪರವಾಗಿಲ್ಲ. ಯಾವ ನಾಯಿಗೆ ಎಷ್ಟು ಖರ್ಚಾಯಿತು ಅಂತ ಬಿಲ್ಲಿನ ಫೋಟೊ ಸಮೇತ ಅವರು ಅವತ್ತವತ್ತೇ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲಿ.