ಎರಡನೇ ಮಹಾಯುದ್ಧದ ಬಲ್ಜ್ ಕದನದಲ್ಲಿ ಮೊದಲು ಮುನ್ನುಗ್ಗಿದ ಜರ್ಮನ್ ಸೇನೆ ಕೊನೆಗೆ ಸೋತಿದ್ದು ಯಾಕೆ?

ಮುಖ್ಯ ಕಾರಣ ಮೂರು: ರಸ್ತೆ, ಇಂಧನ, ಹವಾಮಾನ.

1944ರ ಡಿಸೆಂಬರ್ 16ರ ನಸುಕಿನಲ್ಲಿ ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್‌ನ ಆರ್ಡೆನ್ಸ್ ಕಾಡಿನಲ್ಲಿ ಜರ್ಮನ್ನರು ದಿಢೀರ್ ದಾಳಿ ನಡೆಸಿದರು. ಆಂಟ್‌ವರ್ಪ್ ಬಂದರನ್ನು ಹಿಡಿಯುವುದು ಹಿಟ್ಲರನ ಗುರಿ. ಮೋಡ, ಮಂಜು ಕವಿದಿದ್ದರಿಂದ ಅಮೆರಿಕ, ಬ್ರಿಟನ್ ಮೊದಲಾದ ಮಿತ್ರಪಡೆಗಳ ವಿಮಾನಗಳು ಹೆಚ್ಚಾಗಿ ನೆಲದಲ್ಲೇ ಉಳಿದವು. ಜರ್ಮನ್ನರು ಮುನ್ನುಗ್ಗಲು ಅದೇ ಅನುಕೂಲವಾಯಿತು.

ಆದರೆ ಬಾಸ್ಟೋನ್ ಪಟ್ಟಣ ಕೈಗೆ ಸಿಗಲಿಲ್ಲ. ಏಳು ರಸ್ತೆಗಳು ಸೇರುವ ಜಾಗ ಅದು; ಕಾಡು, ಹಿಮದ ನಡುವೆ ಟ್ಯಾಂಕ್ ಓಡಿಸಲು ರಸ್ತೆಯೇ ಗತಿ. ಪಟ್ಟಣವನ್ನು ಸುತ್ತುವರಿದ ಜರ್ಮನ್ನರು, ಒಳಗಿದ್ದ ಅಮೆರಿಕನ್ನರಿಗೆ ಶರಣಾಗಿ ಎಂದು ಪತ್ರ ಕಳಿಸಿದಾಗ ಅಮೆರಿಕದ ಜನರಲ್ ಮೆಕಾಲಿಫ್ 'ನಟ್ಸ್' (ಹುಚ್ಚು ಮಾತು ಎಂಬರ್ಥದ ಆಡುಮಾತು) ಎಂದಷ್ಟೇ ಬರೆದು ತಿರಸ್ಕರಿಸಿದರು. ಒಳಗಿದ್ದವರ ಪಾಡನ್ನೂ ನೆನೆಯಬೇಕು. ಹಿಮದಲ್ಲಿ ಕಣ್ಣಿಗೆ ಬೀಳದಿರಲು ಸೈನಿಕರು ಊರವರ ಬಿಳಿ ಹಾಸಿಗೆ ಬಟ್ಟೆ ಹೊದ್ದರು. ಗಾಯಾಳುಗಳಿಗೆ ಕೊಡುವ ಮಾರ್ಫಿನ್ ಹೆಪ್ಪುಗಟ್ಟದಂತೆ ವೈದ್ಯಕೀಯ ಸಿಬ್ಬಂದಿ ಅದನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡರು. ನನ್ನ ಮಟ್ಟಿಗೆ ಈ ಕದನದ ನಿಜವಾದ ಚಿತ್ರ ಇದೇ.

ಡಿಸೆಂಬರ್ 23ರಂದು ಆಕಾಶ ತಿಳಿಯಾಯಿತು. ವಿಮಾನಗಳು ಮದ್ದುಗುಂಡು, ಔಷಧಿ ಇಳಿಸಿದವು, ಜರ್ಮನ್ ಟ್ಯಾಂಕುಗಳ ಮೇಲೂ ಎರಗಿದವು. 26ರಂದು ಅಮೆರಿಕದ ಜನರಲ್ ಪ್ಯಾಟನ್ ಅವರ ಸೇನೆ ಬಾಸ್ಟೋನ್ ತಲುಪಿತು.

ಇನ್ನು ಇಂಧನ. ಶತ್ರುವಿನ ಪೆಟ್ರೋಲ್ ಕಸಿದುಕೊಂಡೇ ಮುಂದೆ ಹೋಗಬಹುದೆಂಬ ಜರ್ಮನ್ನರ ಲೆಕ್ಕಾಚಾರ ತಲೆಕೆಳಗಾಯಿತು. ಲಾ ಗ್ಲೇಜ್ ಎಂಬ ಹಳ್ಳಿಯಲ್ಲಿ ಅವರ ಒಂದು ತುಕಡಿ ಟ್ಯಾಂಕುಗಳನ್ನು ಬಿಟ್ಟು ರಾತ್ರೋರಾತ್ರಿ ನಡೆದೇ ಹಿಂದಿರುಗಿತು.

ಜನವರಿ 25ರ ಹೊತ್ತಿಗೆ ಕದನ ಮುಗಿಯಿತು. ಸತ್ತ ಅಮೆರಿಕನ್ನರೇ ಸುಮಾರು 19,000.